ನಾಳೆ ಕೇಳುವ ಪ್ರಶ್ನೆ

ನನಗೊಂದು ಚಟವಿದೆ. ಎಲೆ ಅಡಿಕೆಯಲ್ಲ, ನಶ್ಯವೂ ಅಲ್ಲ. ಹೇಳಿದ್ದನ್ನು ಎರಡು ಸಲ ಹೇಳುವ ಚಟ. ತರಕಾರಿ ಗಾಡಿಯ ಮುಂದೆ ನಿಂತು "ಅರ್ಧ ಕೆಜಿ ಹುರುಳಿಕಾಯಿ" ಎನ್ನುತ್ತೇನೆ. ಸ್ವಲ್ಪ ತಡೆದು, ಇನ್ನೂ ನಿಧಾನವಾಗಿ, ಮತ್ತೆ "ಅರ್ಧ ಕೆಜಿ ಹುರುಳಿಕಾಯಿ" ಎನ್ನುತ್ತೇನೆ. ಗಾಡಿಯವನು ಒಂದು ಕೆಜಿ ತೂಗಿ ಚೀಲಕ್ಕೆ ಸುರಿಯುತ್ತಾನೆ. ಮನೆಗೆ ಬಂದರೆ ನನ್ನ ಹೆಂಡತಿ ಸರೋಜ ಚೀಲದ ಭಾರ ನೋಡಿಯೇ "ಇವತ್ತೂ ಎರಡ್ ಸಲ ಹೇಳಿದ್ರಾ?" ಎಂದು ಕೇಳುತ್ತಾಳೆ. ನಮ್ಮ ಮನೆಯಲ್ಲಿ ಹುರುಳಿಕಾಯಿ ಪಲ್ಯ ಸತತವಾಗಿ ನಡೆಯುವುದಕ್ಕೆ ಇದೇ ಕಾರಣ.

ಈ ಚಟ ಅಂಟಿಸಿದ್ದು ನನ್ನ ಉದ್ಯೋಗ. ಎಪ್ಪತ್ತರ ದಶಕದ ಕೊನೆಯಲ್ಲಿ ಕಡೂರಿನ ಒಂದು ಪುಟ್ಟ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರದ ಮೇಷ್ಟ್ರಾಗಿದ್ದೆ. ಪಾಠ ಹೇಳುವುದು ಎಂದರೆ ಆಗ ನೋಟ್ಸ್ ಹೇಳುವುದು ಎಂದೇ ಅರ್ಥ. ಒಂದು ವಾಕ್ಯ ಹೇಳಬೇಕು, ಪೆನ್ನುಗಳ ಸದ್ದು ನಿಲ್ಲುವವರೆಗೆ ಕಾಯಬೇಕು, ಹಿಂದಿನ ಬೆಂಚಿನವರಿಗಾಗಿ ಅದನ್ನೇ ಇನ್ನೊಮ್ಮೆ ಹೇಳಬೇಕು. ಕಾಲೇಜಿಗೆ ಸ್ವಂತ ಕಟ್ಟಡವಿರಲಿಲ್ಲ. ಕೊಬ್ಬರಿ ತುಂಬುತ್ತಿದ್ದ ಒಂದು ಹಳೆಯ ಗೋಡೌನನ್ನು ಬಾಡಿಗೆಗೆ ಹಿಡಿದು ಬೆಂಚು ಹಾಕಿದ್ದರು. ಕೊಬ್ಬರಿ ಖಾಲಿಯಾಗಿದ್ದರೂ ವಾಸನೆ ಹೋಗಿರಲಿಲ್ಲ. ಹನ್ನೆರಡು ಗಂಟೆಯ ಪೀರಿಯಡ್ಡಿನಲ್ಲಿ ಜಾತಿ ವ್ಯವಸ್ಥೆಯ ಲಕ್ಷಣಗಳನ್ನು ಹೇಳುತ್ತಿದ್ದರೆ ನನಗೂ ಮಕ್ಕಳಿಗೂ ಒಬ್ಬಟ್ಟಿನ ನೆನಪಾಗುತ್ತಿತ್ತು.

ಆ ನೋಟ್ಸಾದರೂ ನನ್ನದೇ? ಮೈಸೂರಿನಲ್ಲಿ ನನ್ನ ಮೇಷ್ಟ್ರು ನನಗೆ ಹೇಳಿ ಬರೆಸಿದ್ದು. ಅವರಿಗೆ ಅವರ ಮೇಷ್ಟ್ರು ಬರೆಸಿದ್ದು. ಪಿತ್ರಾರ್ಜಿತ ಆಸ್ತಿಯ ಹಾಗೆ ಕೈಯಿಂದ ಕೈಗೆ ಬಂದದ್ದು. ಅದರಲ್ಲಿ ಒಂದು ಕಡೆ ಹೀಗಿತ್ತು: "ಸಮಾಜವೆಂದರೆ ಸಂಬಂಧಗಳ ಬಲೆ. ಆ ಕಡೆಯ ಕಿಟಕಿ ಹಾಕಿ." ಗಾಳಿ ಜೋರಾದಾಗ ಮೇಷ್ಟ್ರು ಹೇಳಿದ ಮಾತನ್ನೂ ನಾನು ಪಾಠವೆಂದೇ ಬರೆದುಕೊಂಡಿದ್ದೆ. ಕಡೂರಿಗೆ ಬಂದು ನಾನೂ ಅದನ್ನು ಎರಡೆರಡು ಸಲ ಹೇಳಿದೆ, ಇಡೀ ತರಗತಿ ಬರೆದುಕೊಂಡಿತು. ನಮ್ಮ ಗೋಡೌನಿಗೆ ಕಿಟಕಿಯೇ ಇರಲಿಲ್ಲ, ಬೆಳಕು ಬರುತ್ತಿದ್ದುದು ಗಾಜಿನ ಹೆಂಚಿನಿಂದ. ಆದರೂ ಒಬ್ಬರೂ ತಲೆ ಎತ್ತಿ "ಯಾವ ಕಿಟಕಿ ಸಾರ್?" ಎಂದು ಕೇಳಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಬಹಳ ಜನ ಸಮಾಜದ ವ್ಯಾಖ್ಯೆ ಬರೆದು, ಮರೆಯದೆ ಕಿಟಕಿಯನ್ನೂ ಹಾಕಿದ್ದರು.

ಅವರನ್ನು ನೋಡಿ ನಗುವ ಯೋಗ್ಯತೆ ನನಗಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ತರೀಕೆರೆಯಲ್ಲಿ. ಚಿಕ್ಕವನಿದ್ದಾಗ ಬೇಸಿಗೆ ರಜಕ್ಕೆ ಬೆಟ್ಟದ ಬುಡದಲ್ಲಿದ್ದ ಸೋದರಮಾವನ ಮನೆಗೆ ಹೋಗುತ್ತಿದ್ದೆ. ಕೆಮ್ಮಣ್ಣುಗುಂಡಿಯಿಂದ ಅದಿರು ಹೊತ್ತ ತೊಟ್ಟಿಗಳು ತಂತಿಗೆ ಜೋತುಬಿದ್ದು ಕಾಡಿನ ಮೇಲೆ ತೇಲಿ ಬರುತ್ತಿದ್ದವು. ಕತ್ತು ನೋಯುವವರೆಗೆ ನೋಡುತ್ತಿದ್ದೆ. ಶಾಲೆ ಶುರುವಾದ ಮೇಲೆ ಧೈರ್ಯ ಮಾಡಿ ಮೇಷ್ಟ್ರನ್ನು ಕೇಳಿದೆ: "ಸಾ, ತಂತಿ ಕಿತ್ತೋದ್ರೆ ತೊಟ್ಟಿ ಎಲ್ಲಿ ಬೀಳ್ತದೆ?" ಮೇಷ್ಟ್ರು "ನಿನ್ ತಲೆ ಮೇಲೆ ಬೀಳ್ತದೆ, ಕೂತ್ಕೊಳ್ಳಲೇ" ಎಂದರು. ತರಗತಿಯೆಲ್ಲ ನಕ್ಕಿತು. ಆಮೇಲೆ ಎಂ.ಎ. ಮುಗಿಯುವವರೆಗೆ ನಾನು ಯಾವ ಮೇಷ್ಟ್ರನ್ನೂ ಏನನ್ನೂ ಕೇಳಲಿಲ್ಲ.

ಹೀಗೆ ಎಲ್ಲರೂ ಸುಖವಾಗಿದ್ದಾಗ ವಿಶ್ವವಿದ್ಯಾನಿಲಯಕ್ಕೆ ಒಂದು ಯೋಚನೆ ಬಂತು. ಮಾನವಿಕ ಮತ್ತು ಸಮಾಜ ವಿಜ್ಞಾನಗಳ ಬೋಧನೆ ಸುಧಾರಿಸಬೇಕು ಎಂದು. ನಮ್ಮನ್ನೆಲ್ಲ ಕೆಮ್ಮಣ್ಣುಗುಂಡಿಯ ಅತಿಥಿಗೃಹದಲ್ಲಿ ಸೇರಿಸಿ ಬೇಸಿಗೆ ಶಿಬಿರ ನಡೆಸಿದರು. ಉತ್ತರದ ಕಡೆಯಿಂದ ಒಬ್ಬ ತಜ್ಞರು ಬಂದಿದ್ದರು. ತರಗತಿಯಲ್ಲಿ ಭಾಷಣ ಮಾಡಬೇಡಿ ಎಂದು ಅವರು ಬೆಳಗಿನಿಂದ ಸಂಜೆಯವರೆಗೆ ಭಾಷಣ ಮಾಡಿದರು. ನಾವು ಒಂದಕ್ಷರ ಬಿಡದೆ ಬರೆದುಕೊಂಡೆವು. ವಿದ್ಯಾರ್ಥಿ ಪ್ರಶ್ನೆ ಕೇಳಬೇಕು, ಕೇಳದ ತರಗತಿ ಸತ್ತ ತರಗತಿ ಎಂದು ಹೇಳಿ, ಕೊನೆಗೆ ನಮ್ಮ ಕಡೆ ತಿರುಗಿ ಏನಾದರೂ ಪ್ರಶ್ನೆ ಇದೆಯೇ ಎಂದರು. ಎಲ್ಲರೂ ಬೆಟ್ಟ ನೋಡುತ್ತ ಕುಳಿತೆವು. ಬಹಳ ಹೊತ್ತಾದ ಮೇಲೆ ಅರ್ಥಶಾಸ್ತ್ರದವರೊಬ್ಬರು ಎದ್ದು ನಿಂತು, ಹೆಬ್ಬೆ ಜಲಪಾತಕ್ಕೆ ವ್ಯಾನು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೇಳಿದರು. ಮರುದಿನ ಹೆಬ್ಬೆಯಲ್ಲಿ ಜಿಗಣೆಗಳು ಅವರನ್ನೇ ಹುಡುಕಿ ಹಿಡಿದವು.

ನೀವು ನಗಬಹುದು. ಆದರೆ ಆ ತಜ್ಞರ ಮಾತು ನನಗೆ ನಿಜವಾಗಿಯೂ ನಾಟಿತ್ತು. ಜೂನ್ ತಿಂಗಳಲ್ಲಿ ಕಾಲೇಜು ತೆರೆದಾಗ ನೋಟ್ಸನ್ನು ಮನೆಯಲ್ಲೇ ಬಿಟ್ಟು ಬರಿಗೈಯಲ್ಲಿ ಹೋದೆ. ಆಗಿನ ಪದ್ಧತಿ ನಿಮಗೆ ನೆನಪಿರಬೇಕು. ಹೆಣ್ಣುಮಕ್ಕಳು ತಮ್ಮ ಕೋಣೆಯಲ್ಲಿ ಕಾದಿದ್ದು, ಮೇಷ್ಟ್ರ ಹಿಂದೆಯೇ ಸಾಲಾಗಿ ತರಗತಿಗೆ ಬಂದು ಮುಂದಿನ ಬೆಂಚಿನಲ್ಲಿ ಕೂರುವರು, ಪೀರಿಯಡ್ ಮುಗಿದರೆ ಮೇಷ್ಟ್ರ ಹಿಂದೆಯೇ ಎದ್ದು ಹೋಗುವರು. ಅಂದೂ ಬಂದು ಕೂತರು, ಪೆನ್ನಿನ ಮುಚ್ಚಳ ತೆಗೆದರು. "ಇನ್ನು ಮೇಲೆ ಬರೆಯುವುದು ಬೇಡ, ಮಾತಾಡೋಣ. ನೀವು ಪ್ರಶ್ನೆ ಕೇಳಿ" ಎಂದೆ. ಎಲ್ಲರೂ ಅದನ್ನು ಬರೆದುಕೊಂಡರು.

ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಗೋಡೌನಿನ ಮೂಲೆಯಲ್ಲಿ ಇಲಿ ಓಡಾಡುವುದು ಕೇಳಿಸುತ್ತಿತ್ತು. ದಿನವೂ ಇದೇ ಕತೆ. ನಾನು ಕೇಳಿ ಎನ್ನುವುದು, ಅವರು ನೆಲ ನೋಡುವುದು. ಮುಂದಿನ ಬೆಂಚಿನ ಒಬ್ಬ ಹುಡುಗಿಯಂತೂ ಅಳುವ ಹಾಗೆ ಮುಖ ಮಾಡಿಕೊಂಡು ಕೂರುತ್ತಿದ್ದಳು. ಹೆಸರು ನೀಲಾಂಬಿಕೆ. ಅಜ್ಜಂಪುರದಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದಳು. ಬರೆಯುವುದರಲ್ಲಿ ಎಂಥ ಚುರುಕೆಂದರೆ ಹಿಂದಿನ ವರ್ಷ ನಾನು ನೋಟ್ಸ್ ಎರಡನೇ ಸಲ ಹೇಳುವಾಗ ಅವಳು ಬರೆದು ಮುಗಿಸಿ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಅವಳ ಅಳುಮುಖದ ಕಾರಣ ಗೊತ್ತಾದದ್ದು ಅವಳ ತಂದೆ ಬಂದಾಗ. ಅಜ್ಜಂಪುರದಲ್ಲಿ ಕಾಳಿನ ಮಂಡಿ ಇಟ್ಟಿದ್ದ ಮಲ್ಲೇಶಪ್ಪನವರು ಒಂದು ಮಧ್ಯಾಹ್ನ ಕಾಲೇಜಿಗೇ ಬಂದುಬಿಟ್ಟರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ವಲ್ಲಿ. ಕೈಮುಗಿದು ನಿಂತೇ ಮಾತಾಡಿದರು.

"ಸಾರ್, ನೋಟ್ಸ್ ಕೊಡೋದು ನಿಲ್ಸಿದೀರಂತೆ. ನಮ್ ಹುಡುಗಿ ಊಟ ಸರಿಯಾಗ್ ಮಾಡ್ತಿಲ್ಲ."

"ಪರೀಕ್ಷೆಗೆ ಅಂತ ಬರೆಸೋದಕ್ಕಿಂತ ಅವರೇ ಯೋಚನೆ ಮಾಡಲಿ ಅಂತ, ಮಲ್ಲೇಶಪ್ಪನವರೇ."

"ಮಾಡ್ಲಿ, ಬೇಡ ಅನ್ನಲ್ಲ. ಆದ್ರೆ ಒಂದ್ ಮಾತು. ನಮ್ಮೋರಲ್ಲಿ ಹೆಣ್ಮಕ್ಕಳು ರೈಲ್ ಹತ್ತಿ ಕಾಲೇಜಿಗ್ ಹೋಗಿದ್ದು ಇವಳೇ ಮೊದಲು. ಮಠದ ಹತ್ರ ಕೂತ್ರೂ ಅದೇ ಮಾತು, ಮಂಡೀಲಿ ಕೂತ್ರೂ ಅದೇ ಮಾತು. ಪಾಸ್ ಆಗೋವರ್ಗೂ ನಾನು ತಡ್ಕೋತೀನಿ. ಒಂದ್ ಸಬ್ಜೆಕ್ಟು ಹೋದ್ರೂ ಗಂಡು ನೋಡ್ಬಿಡ್ತೀನಿ. ಅವಳಿಗೂ ಹೇಳಿದೀನಿ, ನಿಮಗೂ ಹೇಳ್ತಿದೀನಿ. ಬೇಜಾರ್ ಮಾಡ್ಕೋಬೇಡಿ."

ಬೆದರಿಕೆ ಹಾಕುವ ದನಿ ಅದಾಗಿರಲಿಲ್ಲ. ತನ್ನಿಂದ ಎಷ್ಟು ಸಾಧ್ಯ ಎಂಬುದನ್ನು ಆ ಮನುಷ್ಯ ಪ್ರಾಮಾಣಿಕವಾಗಿ ಹೇಳುತ್ತಿದ್ದರು. ನನಗೆ ಅವರ ಮೇಲೆ ಕೋಪ ಬರಲಿಲ್ಲ, ಭಯವಾಯಿತು. ನನ್ನ ಸುಧಾರಣೆ ಗೆದ್ದರೆ ನನಗೊಂದು ಹೆಸರು, ಸೋತರೆ ಈ ಹುಡುಗಿಯ ಓದು ನಿಲ್ಲುತ್ತದೆ. ಕೆಮ್ಮಣ್ಣುಗುಂಡಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಮರುದಿನದಿಂದ ರಾಜಿ ಮಾಡಿಕೊಂಡೆ. ಅರ್ಧ ಪೀರಿಯಡ್ ನೋಟ್ಸು, ಇನ್ನರ್ಧ ಪ್ರಶ್ನೆ. ತರಗತಿಗೆ ಜೀವ ಬಂತು. ಅದಕ್ಕಿಂತ ಆಶ್ಚರ್ಯವೆಂದರೆ ಕೆಲವೇ ದಿನಗಳಲ್ಲಿ ಪ್ರಶ್ನೆಗಳೂ ಬರತೊಡಗಿದವು. ದಿನಕ್ಕೊಂದು, ಅಚ್ಚುಕಟ್ಟಾಗಿ. ನನ್ನ ಸುಧಾರಣೆ ಫಲಿಸಿತೆಂದು ಹಿಗ್ಗಿಹೋದೆ. ಸರೋಜಳ ಮುಂದೆ ಕೊಚ್ಚಿಕೊಂಡೆ.

ಸಂಜೆ ನಾನು ಸ್ಟೇಷನ್ನಿನ ಕಡೆ ಅಡ್ಡಾಡಲು ಹೋಗುತ್ತಿದ್ದೆ. ಅಜ್ಜಂಪುರದ ಕಡೆಯವರು, ಬೀರೂರಿನಲ್ಲಿ ಗಾಡಿ ಬದಲಿಸಿ ತರೀಕೆರೆಗೆ ಹೋಗುವವರು, ಎಲ್ಲ ವಿದ್ಯಾರ್ಥಿಗಳೂ ಪ್ಲಾಟ್‌ಫಾರಂ ಮೇಲೆ ಕಾಯುತ್ತಿರುತ್ತಿದ್ದರು. ಒಂದು ದಿನ ಓಂಕಾರಪ್ಪ ಎಂಬ ಹುಡುಗ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ:

"ಸಾರ್, ನಾಳೆ ನಂದು."

"ಏನು ನಿಂದು?"

"ಪ್ರಶ್ನೆ ಸಾರ್. ಕುಲಕ್ಕೂ ಗೋತ್ರಕ್ಕೂ ಏನ್ ವ್ಯತ್ಯಾಸ ಅಂತ ಕೇಳ್ತೀನಿ. ತಾವು ಒಂಚೂರು ನೋಡ್ಕೊಂಡ್ ಬಂದ್ರೆ..."

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಕೇಳಿದಾಗ ಹೊರಬಿತ್ತು. ಓಂಕಾರಪ್ಪನ ಊರು ಬುಕ್ಕಾಂಬುಧಿ. ಅಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯ ಮೇಲೆ ಬಿಡುತ್ತಾರೆ. ಮೇಷ್ಟ್ರು ಪ್ರಶ್ನೆ ಕೇಳಿ ಎಂದು ಅಂಗಲಾಚುವುದನ್ನು ನೋಡಲಾರದೆ ಅವನು ರೈಲಿನಲ್ಲೇ ಎಲ್ಲರನ್ನೂ ಕೂರಿಸಿ, ನೀರಿನ ಸರದಿಯ ಹಾಗೆಯೇ ಪ್ರಶ್ನೆಯ ಸರದಿ ಕಟ್ಟಿದ್ದ. ಇಂಥ ದಿನ ಇಂಥವರು ಕೇಳಬೇಕು, ತಪ್ಪಿಸುವಂತಿಲ್ಲ. ಆದರೆ ಕಷ್ಟದ ಪ್ರಶ್ನೆ ಕೇಳುವ ಮೊದಲು ಮೇಷ್ಟ್ರಿಗೆ ತಿಳಿಸಬೇಕು ಎಂದು ಈಗ ಹೊಸದಾಗಿ ತೀರ್ಮಾನವಾಗಿತ್ತು.

"ಮುಂಚೇನೇ ಯಾಕಯ್ಯಾ ಹೇಳ್ಬೇಕು?" ಎಂದೆ.

"ತುಂಬಿದ್ ಕ್ಲಾಸಲ್ಲಿ ತಮಗ್ ಗೊತ್ತಿಲ್ದೆ ಹೋದ್ರೆ ಚೆನ್ನಾಗಿರಲ್ಲ ಅಲ್ವಾ ಸಾರ್? ಹೆಣ್ಮಕ್ಕಳು ಬೇರೆ ಇರ್ತಾರೆ."

ಅವನ ಮುಖದಲ್ಲಿ ತುಂಟತನ ಹುಡುಕಿದೆ. ಒಂದಿಷ್ಟೂ ಇರಲಿಲ್ಲ. ನನ್ನ ಮರ್ಯಾದೆಯನ್ನು ಅವರೆಲ್ಲ ಸೇರಿ ಕಾಯುತ್ತಿದ್ದರು. ನಾಚಿಕೆಯೂ ಆಯಿತು, ಕಣ್ಣಲ್ಲಿ ನೀರೂ ಬಂತು. ಮನೆಗೆ ಹೋಗಿ ಕುಲ ಗೋತ್ರಗಳ ಬಗ್ಗೆ ಓದಲು ಕೂತೆ. ನಿಜ ಹೇಳಬೇಕೆಂದರೆ ಮೇಷ್ಟ್ರಾದ ಮೇಲೆ ಪಾಠಕ್ಕಾಗಿ ನಾನು ಓದಿದ್ದು ಅದೇ ಮೊದಲು. ಮುಂದೆ ದಿನವೂ ಸಂಜೆ ಪ್ಲಾಟ್‌ಫಾರಂ ಮೇಲೆ ಪ್ರಶ್ನೆ ತೆಗೆದುಕೊಳ್ಳುವುದು, ಲೈಬ್ರರಿಯ ಬೀರುವಿನಿಂದ ಪುಸ್ತಕ ತರುವುದು, ಬೆಳಿಗ್ಗೆ ಏನೂ ತಿಳಿಯದವನ ಹಾಗೆ ತರಗತಿಯಲ್ಲಿ ಅದೇ ಪ್ರಶ್ನೆ ಕೇಳಿಸಿಕೊಂಡು ಹುಬ್ಬೇರಿಸುವುದು. ವಿಶ್ವವಿದ್ಯಾನಿಲಯ ಸುಧಾರಿಸಲು ಹೊರಟದ್ದು ನನ್ನ ವಿದ್ಯಾರ್ಥಿಗಳನ್ನು. ಅವರು ಸದ್ದಿಲ್ಲದೆ ನನ್ನನ್ನು ಸುಧಾರಿಸುತ್ತಿದ್ದರು.

ದಸರಾ ರಜ ಮುಗಿದ ಮೇಲೆ ಅವಿಭಕ್ತ ಕುಟುಂಬದ ಪಾಠ ಬಂತು. ಅನುಕೂಲಗಳನ್ನು ಬರೆಸುತ್ತಿದ್ದೆ. "ಅವಿಭಕ್ತ ಕುಟುಂಬವು ಅನಾಥರಿಗೂ, ವೃದ್ಧರಿಗೂ, ವಿಧವೆಯರಿಗೂ ಆಶ್ರಯ ನೀಡುತ್ತದೆ." ಎರಡನೇ ಸಲ ಹೇಳಲು ಬಾಯಿ ತೆರೆದಿದ್ದೆ. ನೀಲಾಂಬಿಕೆ ಎದ್ದು ನಿಂತಳು.

ಹಿಂದಿನ ಬೆಂಚಿನಿಂದ ಓಂಕಾರಪ್ಪ ಗಾಬರಿಯಿಂದ ಅರ್ಧ ಎದ್ದ. "ಸಾರ್, ಇವತ್ತು ಅವರ ಸರದಿ ಅಲ್ಲ ಸಾರ್."

"ಇರಲಿ, ಕೇಳಮ್ಮ" ಎಂದೆ.

"ಸಾರ್, ನಮ್ಮನೇಲಿ ಹಾಲಮ್ಮತ್ತೆ ಅಂತ ಇದಾರೆ, ನಮ್ಮಪ್ಪನ ಅಕ್ಕ. ಗಂಡ ಹೋದ್ಮೇಲೆ ನಮ್ಮನೆಗೆ ಬಂದ್ರು. ನಸುಕಿಗೇ ಎದ್ದು ದನಿನ ಕೊಟ್ಟಿಗೆ ಬಾಚ್ತಾರೆ, ಮಂಡಿ ಆಳುಗಳಿಗೂ ಸೇರಿಸಿ ರೊಟ್ಟಿ ತಟ್ತಾರೆ. ನಮ್ಮಮ್ಮ ಕಾಯಿಲೆ ಬಿದ್ದಾಗ ನಮ್ಮನ್ನೆಲ್ಲ ಸಾಕಿದ್ದು ಅವರೇ. ಅವರು ಕೂತು ಉಂಡಿದ್ದು ನಾನ್ ನೋಡಿಲ್ಲ. ಯಾರು ಯಾರಿಗೆ ಆಶ್ರಯ ಕೊಟ್ಟಂಗಾಯ್ತು ಸಾರ್?"

ಹಿಂದಿನ ಸಂಜೆ ಯಾರೂ ಇದನ್ನು ಹೇಳಿರಲಿಲ್ಲ. ಹೇಳಿದ್ದರೂ ಬೀರುವಿನಲ್ಲಿ ಇದಕ್ಕೆ ಪುಸ್ತಕವಿರಲಿಲ್ಲ. "ನನಗೆ ಗೊತ್ತಿಲ್ಲಮ್ಮ" ಎಂದೆ. ಮಾತು ಹೊರಬಂದ ಮೇಲೆ ಭೂಮಿ ಬಾಯಿ ಬಿಡುತ್ತದೆಂದು ಕಾದೆ. ಏನೂ ಆಗಲಿಲ್ಲ. ಮೂಲೆಯಲ್ಲಿ ಕೂತಿದ್ದ ಒಬ್ಬ ಹುಡುಗ, ಸರದಿಯಲ್ಲೂ ಬಾಯಿ ಬಿಡಲು ಹೆದರುತ್ತಿದ್ದವನು, "ನಮ್ ದೊಡ್ಡಮ್ಮನೂ ಹಂಗೇ ಸಾರ್" ಎಂದ. ಇನ್ನೊಬ್ಬ "ನಮ್ಮನೇಲಿ ತೆಂಗಿನ ತೋಟ ನೋಡ್ಕೊಳ್ಳೋದು ನಮ್ ಚಿಕ್ಕಜ್ಜಿ, ಖಾತೆ ಮಾತ್ರ ನಮ್ ತಾತನ್ದು" ಎಂದ. ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಗಂಟೆ ಹೊಡೆದದ್ದು ಯಾರಿಗೂ ಬೇಕಾಗಲಿಲ್ಲ. ಮುಂದಿನ ಪೀರಿಯಡ್ಡಿನ ಇತಿಹಾಸದ ಮೇಷ್ಟ್ರು ಬಾಗಿಲಲ್ಲಿ ನಿಂತು ಕೆಮ್ಮಿ ಕೆಮ್ಮಿ ಸಾಕಾದರು.

ಅಂದು ಸಂಜೆ ಸ್ಟೇಷನ್ನಿನಲ್ಲಿ ನೀಲಾಂಬಿಕೆ ತಾನಾಗಿ ಬಂದು ನಿಂತಳು. ತನ್ನನ್ನು ಕಾಲೇಜಿಗೆ ಸೇರಿಸು ಎಂದು ಅಪ್ಪನನ್ನು ಕೇಳಿದವರೂ ಹಾಲಮ್ಮತ್ತೆಯೇ ಎಂದು ಹೇಳಿದಳು. ತಮ್ಮನ ಹತ್ತಿರ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ ಅಂತೆ. ಆಮೇಲೆ, ಎಲ್ಲ ತಜ್ಞರೂ ಜಾರಿಕೊಳ್ಳುವ ಪ್ರಶ್ನೆ ಕೇಳಿದಳು.

"ಪರೀಕ್ಷೇಲಿ ಇದು ಬಂದ್ರೆ ಯಾವ್ದು ಬರೀಲಿ ಸಾರ್? ಪುಸ್ತಕದ್ದಾ, ಅತ್ತೇದಾ?"

ಯೋಚನೆ ಮಾಡಿ ಎಂದು ಕಲಿಸಿದವನು ನಾನೇ. ಪತ್ರಿಕೆ ತಿದ್ದುವವರು ಎಲ್ಲೋ ದೂರದವರು, ನನ್ನ ಹಾಗೆಯೇ ಪಿತ್ರಾರ್ಜಿತ ನೋಟ್ಸು ಇಟ್ಟುಕೊಂಡವರು. ಮಲ್ಲೇಶಪ್ಪನವರ ವಿಭೂತಿ ಹಚ್ಚಿದ ಮುಖ ಕಣ್ಣ ಮುಂದೆ ಬಂತು. "ಮೊದಲು ಪುಸ್ತಕದ್ದು ಬರಿ. ಆಮೇಲೆ ಹೊಸ ಪ್ಯಾರಾ ಮಾಡಿ ಅತ್ತೇದು ಬರಿ" ಎಂದೆ. ಅದಕ್ಕಿಂತ ಒಳ್ಳೆಯ ದಾರಿ ನನಗೆ ಇಂದಿಗೂ ಹೊಳೆದಿಲ್ಲ.

ಏಪ್ರಿಲ್‌ನಲ್ಲಿ ಪರೀಕ್ಷೆ ಬಂತು, ಆ ಪ್ರಶ್ನೆಯೂ ಬಂತು. ಪರೀಕ್ಷೆ ಮುಗಿಸಿ ಹೊರಬಂದ ನೀಲಾಂಬಿಕೆ ನನ್ನನ್ನು ನೋಡಿ ಸಪ್ಪಗೆ ನಿಂತಳು.

"ಅತ್ತೇದೇ ಮೊದಲು ಬರ್ದ್ಬಿಟ್ಟೆ ಸಾರ್. ಬರೀತಾ ಬರೀತಾ ನಿಲ್ಸಕ್ಕೇ ಆಗ್ಲಿಲ್ಲ. ಪುಸ್ತಕದ್ದಕ್ಕೆ ಟೈಮೇ ಸಿಗ್ಲಿಲ್ಲ."

"ಸ್ವಲ್ಪವಾದರೂ?"

"ಒಂದಕ್ಷರ ಇಲ್ಲ ಸಾರ್."

ಆ ಬೇಸಿಗೆ ನಾನು ಅನುಭವಿಸಿದ್ದು ನನಗೇ ಗೊತ್ತು. ಅಜ್ಜಂಪುರದ ಕಡೆಯಿಂದ ಯಾರು ಬಂದರೂ ಮಲ್ಲೇಶಪ್ಪನವರ ಮನೆಗೆ ಗಂಡಿನ ಕಡೆಯವರು ಬಂದು ಹೋದರಂತೆಯೇ ಎಂದು ವಿಚಾರಿಸುತ್ತಿದ್ದೆ. ಫಲಿತಾಂಶದ ದಿನ ಬೆಳಿಗ್ಗೆಯೇ ಸ್ಟೇಷನ್ನಿಗೆ ಹೋಗಿ ಪೇಪರ್ ಕೊಂಡು ಅಲ್ಲೇ ನಿಂತು ನಂಬರು ಹುಡುಕಿದೆ. ಇತ್ತು. ಎಲ್ಲ ವಿಷಯದಲ್ಲೂ ಪಾಸು. ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರ ಕೈ ಕುಲುಕಿದೆ, ಅವರೂ ಕುಲುಕಿದರು.

ಕಾಲೇಜು ಮತ್ತೆ ತೆರೆದ ವಾರ ನೀಲಾಂಬಿಕೆ ಒಬ್ಬ ವಯಸ್ಸಾದ ಹೆಂಗಸನ್ನು ನಮ್ಮ ಮನೆಗೆ ಕರೆತಂದಳು. ಗಟ್ಟಿ ಮೈ, ಬಿಳಿ ಸೀರೆ, ರೊಟ್ಟಿ ತಟ್ಟಿ ತಟ್ಟಿ ದಪ್ಪಗಾದ ಅಂಗೈ. ಹಾಲಮ್ಮನವರು. ಗಂಡ ಹೋಗಿ ಅಜ್ಜಂಪುರಕ್ಕೆ ವಾಪಸು ಬಂದ ಮೇಲೆ ರೈಲು ಹತ್ತಿದ್ದು ಅಂದೇ ಮೊದಲಂತೆ. ಸರೋಜ ಕಾಫಿ ಕೊಟ್ಟಳು. ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ನಮ್ ನೀಲ ಪರೀಕ್ಷೇಲಿ ನನ್ ವಿಷ್ಯ ಬರ್ದಳಂತೆ, ಹೌದಾ ಸಾರ್?"

"ಹೌದಮ್ಮ."

"ಎಷ್ಟ್ ಮಾರ್ಕ್ಸ್ ಕೊಟ್ರು ನಂಗೆ?"

ನೀಲಾಂಬಿಕೆ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು. ಹಾಲಮ್ಮನವರು ನಗಲಿಲ್ಲ. ಒಂದೊಂದು ಉತ್ತರಕ್ಕೆ ಎಷ್ಟು ಬಂತೆಂದು ನಮಗೆ ತಿಳಿಸುವುದಿಲ್ಲ, ಒಟ್ಟು ಅಂಕ ಮಾತ್ರ ಬರುತ್ತದೆ ಎಂದು ವಿವರಿಸಿದೆ.

"ಹೋಗ್ಲಿ ಬಿಡಿ. ಮಾರ್ಕ್ಸ್ ಕೊಡ್ಬೇಕಾದ್ರೆ ಓದ್ಲೇಬೇಕಲ್ವಾ?"

"ಓದಲೇಬೇಕಮ್ಮ."

"ಹಂಗಾದ್ರೆ ಎಲ್ಲೋ ಯಾರೋ ಒಬ್ರು ಕೂತ್ಕೊಂಡು ನನ್ ವಿಷ್ಯ ಪೂರ್ತಿ ಓದವ್ರೆ" ಎಂದರು. ಮುಖದಲ್ಲಿ ಅಂಥ ತೃಪ್ತಿ ನಾನು ಯಾವ ಫಸ್ಟ್ ಕ್ಲಾಸಿನವರಲ್ಲೂ ಕಂಡಿಲ್ಲ.

ಮರುವರ್ಷ ನನಗೂ ಪತ್ರಿಕೆ ತಿದ್ದುವ ಕೆಲಸಕ್ಕೆ ಕರೆ ಬಂತು. ಉದ್ದನೆಯ ಮೇಜು, ಕಟ್ಟು ಕಟ್ಟು ಉತ್ತರ ಪತ್ರಿಕೆ. ಅಕ್ಕಪಕ್ಕದವರು ಅಡ್ಡಗೆರೆ ಎಳೆಯುತ್ತ, ಪುಟ ಹಾರಿಸುತ್ತ ಸರಸರನೆ ಮುಗಿಸಿ ಟೀ ಕುಡಿಯಲು ಎದ್ದರು. ಮುಖ್ಯ ಪರೀಕ್ಷಕರು ಬಂದು ನನ್ನ ಮುಂದಿನ ರಾಶಿ ನೋಡಿ ಬೇಸರದಿಂದ, "ಏನ್ರೀ, ನಿಮ್ಮದು ಇನ್ನೂ ಮುಗಿದಿಲ್ವೇ?" ಎಂದರು.

"ಇಲ್ಲಿ ಯಾರೋ ಅವರಜ್ಜಿ ವಿಷಯ ಬರೆದಿದ್ದಾರೆ ಸಾರ್" ಎಂದೆ. "ಪೂರ್ತಿ ಓದಿ ಬರ್ತೀನಿ."